ವಿಭೂತಿ ಬಳಿದುಕೊಂಡ ಕ್ಲಚ್ಚು

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದು ಮೋಟರ್ ಪಂದ್ಯವನ್ನೂ ಗೆದ್ದವರಲ್ಲ. ಆದರೂ ಇಡೀ ಮೈಸೂರು ಸೀಮೆಯಲ್ಲಿ ಅವರಂಥ ರೇಸಿಂಗ್ ಡ್ರೈವರ್ ಇನ್ನೊಬ್ಬರಿರಲಿಲ್ಲ ಎಂದು ಈ ವಯಸ್ಸಿನಲ್ಲೂ ವಾದಿಸಬಲ್ಲೆ. ನಗಬೇಡಿ, ಪ್ಲೀಸ್!

ನನಗಾಗ ಹದಿಮೂರು. ಬೆಂಗಳೂರಿನ ಕಾನ್ವೆಂಟಿನಿಂದ ರಜೆಗೆ ಮಧುಗಿರಿಗೆ ಬಂದಿದ್ದೆ. ಅಪ್ಪನಿಲ್ಲದ ನನ್ನ ವಿಚಾರದಲ್ಲಿ ತಾತನದೇ ಕೊನೆಯ ಮಾತು. "ಹೆಣ್ಮಗ ಓದಿದ್ದು ಸಾಕು, ಇನ್ನು ಗಂಡು ನೋಡಾನ" ಎಂದುಬಿಟ್ಟರು. ಮಾವ ವಾದಿಸಿದರು, ಊಟ ಬಿಟ್ಟರು (ಒಂದು ಹೊತ್ತು ಮಾತ್ರ, ಸಂಜೆಗೆ ಹೋಳಿಗೆಯಿತ್ತು). ತಾತ ಬೇಸತ್ತು, "ಭಾನುವಾರದ ರೇಸ್ನಾಗೆ ನಿನ್ನ ಡಬ್ಬ ಮೋಟ್ರು ಗೆಲ್ಲಲಿ, ಕಳಿಸ್ತೀನಿ" ಎಂದರು. ಡಬ್ಬ ಗೆಲ್ಲುವುದಿಲ್ಲವೆಂಬ ಧೈರ್ಯ!

ರೇಸೆಂದರೆ ಡಾಕ್ಟರದು, ಶಿರಾದ ಕಂಟ್ರಾಕ್ಟರದು, ಮಾವನದು ಎಂದು ಮೂರೇ ಮೋಟರು, ಮಧುಗಿರಿಯಿಂದ ಕೊರಟಗೆರೆಗೆ. ಆದರೆ ಮಾವನ ಗಾಡಿಯ ಕ್ಲಚ್ಚು ಸವೆದಿತ್ತು. ಎಂಜಿನ್ನಿನ ಓಟವನ್ನು ಚಕ್ರಕ್ಕೆ ಮುಟ್ಟಿಸುವ ಆ ಭಾಗಕ್ಕೆ ಹಳೆಯ ಗಾಡಿಗಳಲ್ಲಿ ಚರ್ಮದ ಹೊದಿಕೆ ಇರುತ್ತಿತ್ತು. ಹೊಸದು ಹಡಗಿನಲ್ಲಿ ಬರಬೇಕು. ಮಾವ ಹೋದದ್ದು, ಕಪಿಲೆ ಬಾವಿಗೆ ನೀರೆತ್ತುವ ಚರ್ಮದ ಬಾನೆ ಹೊಲಿಯುವ ಮುದುಕನ ಬಳಿಗೆ.

"ಬಾನೆ ಆದ್ರೆ ನೀರು ಸೋರ್ಬಾರ್ದು ಬುದ್ಧೀ. ಇದ್ರಾಗೆ ಏನ್ ಸೋರ್ಬಾರ್ದು?"

"ಕುದುರೆ ಶಕ್ತಿ ಕಣಯ್ಯ!"

ಮುದುಕ ಎಂಜಿನ್ನಿನೊಳಗೆ ಬಗ್ಗಿ ಬಹಳ ಹೊತ್ತು ಹುಡುಕಿದ. "ಕುದ್ರೆ ಎಲ್ಲೈತೆ?"

ಕೆಲಸವೇನೋ ಫಸ್ಟ್ ಕ್ಲಾಸ್. ಆದರೆ ಬಾನೆಗೆ ಮಾಡುವಂತೆ ಹೊಸ ಚರ್ಮಕ್ಕೆ ಹರಳೆಣ್ಣೆಯನ್ನು ಪ್ರೀತಿಯಿಂದ ಕುಡಿಸಿಬಿಟ್ಟಿದ್ದ! ಕ್ಲಚ್ಚು ಜಾರತೊಡಗಿತು. ಎಂಜಿನ್ನು ಎಷ್ಟು ಗರ್ಜಿಸಿದರೂ ಗಾಡಿ ಮದುವಣಗಿತ್ತಿಯಂತೆ ಹೆಜ್ಜೆಯಿಟ್ಟಿತು. ಎಣ್ಣೆ ಹೀರಲು ನಯವಾದ ಪುಡಿ ಬೇಕು. ಮಾವ ದೇವರ ಕೋಣೆಯ ವಿಭೂತಿ ಗಟ್ಟಿಗಳನ್ನೆಲ್ಲ ತಂದು ಕುಟ್ಟಿದರು.

"ಲೇ, ಹಣೆಗಿಡೋ ವಿಭೂತೀನ ಚರ್ಮಕ್ಕೆ ಬಳೀತೀಯೇನ್ಲಾ?" ತಾತ ಕೂಗಿದರು.

"ಹಣೆ ಇನ್ನೇನಪ್ಪಾ, ಚರ್ಮಾನೇ ಅಲ್ವಾ?"

ತಾತ ತಮ್ಮ ಹಣೆಯನ್ನೇ ಸವರಿಕೊಳ್ಳುತ್ತ ಒಳಗೆ ಹೋದರು. ಕೋಪವೋ, ಯೋಚನೆಯೋ? ನನಗಿಂದಿಗೂ ತಿಳಿಯದು.

ಭಾನುವಾರ ಮಾವನ ಪಕ್ಕದಲ್ಲಿ ನಾನು, ತೊಡೆಯ ಮೇಲೆ ವಿಭೂತಿ ಡಬ್ಬ. ಕಾಲಡಿಯ ಹಲಗೆ ತೆಗೆದಿತ್ತು. ಕ್ಲಚ್ಚು ಜಾರಿದಾಗಲೆಲ್ಲ ಪುಡಿ ಉದುರಿಸುವುದು ನನ್ನ ಡ್ಯೂಟಿ. ನಮ್ಮ ಮದರ್ ಸುಪೀರಿಯರ್ ನೋಡಿದ್ದರೆ! ಏರಿನಲ್ಲಿ ಕಂಟ್ರಾಕ್ಟರು ಮುಂದೆ ಹೋದರು. ಡಾಕ್ಟರೂ ಹೋದರು. ಅವರ ಹಿಂದೆ ನನ್ನ ಶಾಲೆ, ನನ್ನ ಡೆಸ್ಕು, ಎಲ್ಲವೂ ದೂಳಿನಲ್ಲಿ ಮರೆಯಾಗುತ್ತಿದ್ದವು. ಅಳುತ್ತ ಡಬ್ಬವನ್ನೇ ಬೋರಲು ಹಾಕಿದೆ. ಕ್ಲಚ್ಚು ಗಕ್ಕನೆ ಹಿಡಿಯಿತು, ಆದರೆ ತಡವಾಗಿತ್ತು.

ಬೆಳಗಿನ ಬಸ್ಸಿನಲ್ಲೇ ಕೊರಟಗೆರೆಗೆ ಬಂದಿದ್ದ ತಾತ, ಗೆದ್ದವರಿಗೆ ಹಾರ ಹಾಕಿ ನಮಗಾಗಿ ಕಾಯುತ್ತಿದ್ದರು. ಗಾಡಿ ನಿಲ್ಲಲೇ ಇಲ್ಲ!

"ನಿಲ್ಸೋ, ಲೇ!"

"ಕ್ಲಚ್ಚು ಕಚ್ಕಂಡ್ಬುಟ್ಟೈತೆ ಅಪ್ಪಾ, ನಿಲ್ಲಾಕಿಲ್ಲ!"

ಊರು ದಾಟಿದ ಮೇಲೆ ಕುರಿಮಂದೆಯೊಂದು ಅಡ್ಡ ಬಂತು. ಮಾವ ಮೆಲ್ಲಗೆ, ಸಲೀಸಾಗಿ ಗಾಡಿ ನಿಲ್ಲಿಸಿದರು. ನಾನು ಅವರ ಮುಖ ನೋಡಿದೆ. ಅವರು ಕುರಿಗಳನ್ನು ನೋಡುತ್ತಿದ್ದರು.

ಪೂರ್ ತಾತ! ನಾನು ಓದು ಮುಗಿಸುವವರೆಗೂ ಆ ಕ್ಲಚ್ಚನ್ನೇ ಬೈಯುತ್ತಿದ್ದರು.

ಆ ಭಾನುವಾರ ಸಂಜೆಯೇ ಬೆಂಗಳೂರಿನಲ್ಲಿ ಕಾನ್ವೆಂಟಿನ ಗೇಟಿನ ಮುಂದೆ ಮಾವ ಹಿಂದಿನ ಸೀಟಿನ ಜಮಖಾನ ಸರಿಸಿದರು. ಅಡಿಯಲ್ಲಿ ನನ್ನ ಕಬ್ಬಿಣದ ಟ್ರಂಕು. ಪುಸ್ತಕಗಳು, ಅಮ್ಮ ಮಡಿಸಿಟ್ಟ ಯೂನಿಫಾರ್ಮು, ಎಲ್ಲವೂ ಇದ್ದವು. ಉಳಿದಿಬ್ಬರು ಪಂದ್ಯಕ್ಕೆಂದು ಮಡ್‌ಗಾರ್ಡನ್ನೂ ಕಿತ್ತು ಭಾರ ಇಳಿಸಿಕೊಂಡಿದ್ದರು. ನನ್ನ ಮಾವ ಅಷ್ಟು ಭಾರ ಹೇರಿಕೊಂಡು ಆ ಏರು ಹತ್ತಿದ್ದರು.