ಅತ್ತೆಗೆ ಕೆಲಸ ಸಿಕ್ಕಿತು

ಹೆಂಗಸರು ಹೊರಗೆ ಹೋಗಿ ದುಡಿಯಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ಅರ್ಧ ಗಂಟೆ ನಿಲ್ಲಿಸದೆ ಮಾತಾಡಬಲ್ಲವಳು ನಾನು. ಟಿ. ನರಸೀಪುರದ ನಮ್ಮ ಕಚೇರಿಯಲ್ಲಿ ಮಹಿಳಾ ದಿನಾಚರಣೆಗೆ ಭಾಷಣಕಾರರು ಸಿಗದಿದ್ದರೆ ಟೈಪಿಂಗ್ ಬಿಡಿಸಿ ನನ್ನನ್ನೇ ನಿಲ್ಲಿಸುತ್ತಿದ್ದರು. ನನ್ನ ಅಭಿಪ್ರಾಯಗಳು ಅಷ್ಟು ಗಟ್ಟಿ. ಆದರೆ ನಿಮ್ಮಲ್ಲಿ ಮಾತ್ರ ಹೇಳುತ್ತೇನೆ, ಅವು ಗಟ್ಟಿಯಾಗಿದ್ದದ್ದು ಬೇರೆಯವರ ಮನೆಯ ವಿಷಯಕ್ಕೆ. ನಮ್ಮ ಮನೆಯ ಒಲೆಯ ಹತ್ತಿರ ಬಂದಾಗ ಬೆಂದ ಆಲೂಗಡ್ಡೆಯ ಹಾಗೆ ಮೆತ್ತಗಾಗಿಬಿಟ್ಟವು.

ನಾವಿದ್ದದ್ದು ದೇವನೂರಿನಲ್ಲಿ. ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ನಂಜನಗೂಡು, ಅಲ್ಲಿಂದ ಇನ್ನೊಂದು ಬಸ್ಸಿಗೆ ನರಸೀಪುರ. ನನ್ನ ಗಂಡನಿಗೆ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗಳು ನಂದಿನಿ ಊರ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. "ಮನೆ, ಆಫೀಸು ಎರಡನ್ನೂ ಹೇಗೆ ನಿಭಾಯಿಸ್ತೀರಿ ಮೇಡಂ?" ಎಂದು ಜನ ಕೇಳುತ್ತಿದ್ದರು. ನನ್ನ ಗಂಡನನ್ನು ಯಾರೂ ಹಾಗೆ ಕೇಳಿದ್ದಿಲ್ಲವಲ್ಲ ಎಂದು ಒಳಗೊಳಗೇ ಉರಿದುಕೊಂಡು, "ಟೈಮ್ ಹೊಂದಿಸ್ಕೋಬೇಕು ಅಷ್ಟೆ" ಎಂದು ನಗುತ್ತಿದ್ದೆ. ನಿಜವಾಗಿ ನಾನು ಏನನ್ನೂ ಹೊಂದಿಸುತ್ತಿರಲಿಲ್ಲ. ಎಲ್ಲವನ್ನೂ ಹೊಂದಿಸುತ್ತಿದ್ದವರು ನಮ್ಮತ್ತೆ ಚಿಕ್ಕತಾಯಮ್ಮ. ನಾನು ತಲೆ ಬಾಚಿಕೊಳ್ಳುವ ಹೊತ್ತಿಗೆ ನನ್ನ ಡಬ್ಬಿಗೆ ಅನ್ನ ತುಂಬಿರುತ್ತಿತ್ತು. ಸಂಜೆ ಬಂದಾಗ ಮಗಳು ಮುಖ ತೊಳೆದುಕೊಂಡು ಮಗ್ಗಿ ಹೇಳುತ್ತಾ ಕೂತಿರುತ್ತಿದ್ದಳು. ಇದೆಲ್ಲ ಹೇಗಾಯಿತು ಎಂದು ಒಂದು ದಿನವೂ ಕೇಳಿದವಳಲ್ಲ.

ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು. ಒಂದು ಬೆಳಿಗ್ಗೆ ಡಬ್ಬಿ ಕೈಗೆ ಕೊಡುತ್ತಾ ಅತ್ತೆ, "ನಾನೂ ಒಂದ್ ಕೆಲ್ಸಕ್ಕೆ ಸೇರ್ಕತೀನಿ ಕಣವ್ವ. ಇಸ್ಕೂಲಲ್ಲಿ ಅಡುಗೆ ಮಾಡೋಕೆ. ಮೇಷ್ಟ್ರು ಯೋಳಿ ಕಳಿಸವ್ರೆ" ಎಂದರು.

ನನ್ನ ಬಾಯಿಂದ ಬರಬೇಕಾದದ್ದು ನನ್ನ ಭಾಷಣ. ಬಂದದ್ದು ಮಾತ್ರ, "ಈ ವಯಸ್ಸಲ್ಲಿ ಯಾಕತ್ತೆ? ಮನೆಗೆ ಈಗ ಏನ್ ಕಮ್ಮಿಯಾಗಿದೆ? ಮನೆ ನೋಡ್ಕೊಳ್ಳೋರು ಯಾರು? ನೋಡಿದೋರು ಏನಂತಾರೆ?"

ಅತ್ತೆ ಸಿಟ್ಟಾಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನಕ್ಕರು. "ನೀನು ಕೆಲ್ಸಕ್ಕೆ ಒಂಟಾಗ ನಾನೂ ಇದನ್ನೇ ಅಂದಿದ್ದೆ ಅಲ್ವಾ?"

"ಅಂದಿದ್ರಿ."

"ನೀ ಏನಂದೆ ಆಗ?"

ನನಗೆ ನೆನಪಾಗಲಿಲ್ಲ. ಅವರಿಗೆ ಚೆನ್ನಾಗಿ ನೆನಪಿತ್ತು. "ಏನೂ ಅನ್ನಲಿಲ್ಲ. ಬ್ಯಾಗ್ ತಗಂಡು ಬಸ್ ಅತ್ತಿದೆ."

ಆ ದಿನ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಸಮಾಧಾನವಿಲ್ಲ. ನನ್ನ ತೊಂದರೆ ಏನೆಂದು ಹುಡುಕಿದೆ. ಮಗಳು ಮಧ್ಯಾಹ್ನ ಶಾಲೆಯಲ್ಲೇ ಉಣ್ಣುತ್ತಾಳೆ, ಅದೂ ಅಜ್ಜಿಯ ಕೈಯಡುಗೆ. ಸಂಜೆ ಅಜ್ಜಿಯ ಜೊತೆಗೇ ಮನೆಗೆ ಬರುತ್ತಾಳೆ. ನಷ್ಟ ಎಲ್ಲಿ? ಎಷ್ಟು ಹುಡುಕಿದರೂ ಸಿಗಲಿಲ್ಲ. ಕಚೇರಿಯಲ್ಲಿ ಪಕ್ಕದ ಟೇಬಲ್ಲಿನ ಸರೋಜಮ್ಮನವರಿಗೆ ಹೇಳಿದೆ. "ಖಂಡಿತ ಕಳಿಸ್ರೀ, ಅವ್ರಿಗೂ ಒಂದು ಜೀವನ ಬೇಡ್ವಾ?" ಎಂದು ಜೋರಾಗಿ ಹೇಳಿದರು. ಒಂದು ಪುಟ ಟೈಪ್ ಆಗುವಷ್ಟರಲ್ಲಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದು, "ಈ ವಿಷಯ ನಮ್ಮತ್ತೆ ಕಿವಿಗೆ ಬೀಳಿಸ್ಬೇಡಿ ಕಣ್ರೀ" ಎಂದು ಪಿಸುಗುಟ್ಟಿದರು.

ನನ್ನ ಒಪ್ಪಿಗೆಗೆ ಅತ್ತೆ ಕಾಯಲಿಲ್ಲ. ಸೋಮವಾರ, ಮೊದಲ ದಿನ ಒಲೆ ಪಾತ್ರೆ ಸಿದ್ಧ ಮಾಡಬೇಕೆಂದು, ಬೆಳಗಾಗುತ್ತಲೇ ಸೀರೆ ಎತ್ತಿ ಕಟ್ಟಿಕೊಂಡು ಹೊರಟೇಬಿಟ್ಟರು. ನನ್ನ ಡಬ್ಬಿ ನಾನೇ ಕಟ್ಟಿಕೊಂಡೆ. ಅನ್ನ ತಳ ಹಿಡಿದಿತ್ತು, ಏಳೂಕಾಲರ ಬಸ್ಸು ಹೋಗಿತ್ತು. ಸಂಜೆ ಬರುವಾಗ ಅತ್ತೆ ಸೋತು ಬಿದ್ದಿರುತ್ತಾರೆ, "ನನ್ನ ಕೈಲಾಗಲ್ಲ ಕಣವ್ವ" ಎನ್ನುತ್ತಾರೆ ಎಂದುಕೊಂಡೆ. ಹಾಗೆ ಆಸೆಪಟ್ಟೆ ಎಂದರೂ ಸರಿಯೇ. ಅವರು ಜಗಲಿಯ ಮೇಲೆ ಕೂತು ನನಗಾಗಿಯೇ ಕಾಯುತ್ತಿದ್ದರು. "ಮೇಷ್ಟ್ರು ಸಾಂಬಾರ್ ರುಚಿ ನೋಡಿ, ಬಾಳ ಚೆನ್ನಾಗೈತೆ ಕಣಮ್ಮ ಅಂದ್ರು." ನಾನು ಕಾಲು ತೊಳೆದು ಬಂದಾಗ ಇನ್ನೊಮ್ಮೆ ಹೇಳಿದರು. ನನ್ನ ಗಂಡ ಬಂದಾಗ ಮತ್ತೊಮ್ಮೆ. ವರ್ಷಾನುಗಟ್ಟಲೆ ಅದೇ ಸಾಂಬಾರು ಉಂಡ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾವು ಒಂದು ಸಲವೂ ಹಾಗೆ ಅಂದದ್ದು ನೆನಪಿಗೆ ಬರಲಿಲ್ಲ. ಈಗ ಹೇಳೋಣವೆಂದರೆ ಮೇಷ್ಟ್ರನ್ನು ಕಾಪಿ ಹೊಡೆದಂತಾಗುತ್ತದೆ.

ವಾರ ಕಳೆದು ಭಾನುವಾರ ಬಂತು. ನನಗೆ ರಜ, ಗಂಡನಿಗೆ ವಾರದ ರಜ. ಎಂಟು ಗಂಟೆಯಾದರೂ ಒಲೆ ಹತ್ತಿರಲಿಲ್ಲ. ಅತ್ತೆ ಕಂಬಕ್ಕೆ ಒರಗಿ ಕಾಲು ನೀಡಿಕೊಂಡಿದ್ದರು. "ಇವತ್ತು ನಂಗೂ ರಜ ಕಣವ್ವ" ಎಂದರು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು, ಕೊನೆಗೆ ಇಬ್ಬರೂ ಪೇಪರ್ ಓದುತ್ತಿದ್ದವನನ್ನು ನೋಡಿದೆವು.

ಪಾಪ, ಅವನಿಗೆ ಅರ್ಥವಾಯಿತು. ಪೇಪರ್ ಮಡಚಿಟ್ಟು ಅಡುಗೆಮನೆಗೆ ಹೋದ. ಎಂತಹ ದಿನ ಬಂತು ಎಂದು ನನಗೆ ಕಣ್ಣು ತುಂಬಿತು. ಒಂದು ಪಾತ್ರೆ ಬಿದ್ದ ಸದ್ದು. ಇನ್ನೊಂದು ಬಿದ್ದ ಸದ್ದು. "ರಾಗಿ ಹಿಟ್ಟು ಎಲ್ಲಿದೆ?" ಎಂದು ಕೂಗಿದ.

"ಅಯ್ಯೋ, ನೀವು ಮುಟ್ಬೇಡಿ!" ಎಂದು ನಾನೂ, "ನಿನ್ ಕೈಲಾಗಲ್ಲ, ಬಾರ್ಲಾ ಆಚೆಗೆ!" ಎಂದು ಅತ್ತೆಯೂ ಒಟ್ಟಿಗೇ ಎದ್ದು ಓಡಿದೆವು. ಅವನು ಒಂದು ಮಾತೂ ಎದುರಾಡದೆ ಆಚೆ ಬಂದು ಪೇಪರ್ ಬಿಡಿಸಿದ. ನಾನು ಹಿಟ್ಟು ತಿರುವುತ್ತಿದ್ದೆ, ಅತ್ತೆ ಮುದ್ದೆ ಕಟ್ಟುತ್ತಿದ್ದರು. ಅವನನ್ನು ಮೊದಲು ಆಚೆಗೆ ಕರೆದವರು ಯಾರು, ನಾನೋ ಅತ್ತೆಯೋ ಎಂದು ಇಬ್ಬರೂ ಆ ಮಧ್ಯಾಹ್ನವೆಲ್ಲ ಜಗಳವಾಡಿದೆವು.