ಕಡ್ಡಿ ಮೊರಾದನ ಬಂದೂಕು

ಅಲಿಮೊರಾದನ ಮಾನ ಹೋದದ್ದು ಉಗುರಿನಷ್ಟು ಕಬ್ಬಿಣದಿಂದ. ಅವನ ಅಪ್ಪನ ಕಾಲದ ಬೇಟೆ ಬಂದೂಕಿನಲ್ಲಿ, ಹಿಂದೆಮುಂದೆ ಜಾರುವ ಬೋಲ್ಟಿನ ತುದಿಗೆ ಒಂದು ಕೊಕ್ಕೆ ಇತ್ತು. ಗುಂಡು ಹಾರಿದ ಮೇಲೆ ಖಾಲಿ ತೋಟಾವನ್ನು ಕಚ್ಚಿ ಹೊರಗೆಳೆಯುವುದಷ್ಟೇ ಅದರ ಕೆಲಸ. ಬಾಮೈದ ಇಸ್ಕಂದರ ಯಾರದೋ ಮದುವೆಗೆಂದು ಬಂದೂಕು ಒಯ್ದವನು, ತೋಟಾಗಳನ್ನು ಕೆಳಗಿನ ಗೂಡಿಗೆ ತುಂಬುವ ತಾಳ್ಮೆಯಿಲ್ಲದೆ, ಒಂದೊಂದನ್ನೇ ನೇರ ನಳಿಕೆಗೆ ತುರುಕಿ ಬೋಲ್ಟು ಬಡಿದಿದ್ದ. ಕೊಕ್ಕೆಯ ಮೂತಿ ಮುರಿಯಿತು. ಮುರಿದವನು ಹೊಟ್ಟೆ ತುಂಬ ಪಲಾವು ತಿಂದು ಮನೆಗೆ ಬಂದ.

ಅನುಭವಿಸಿದವನು ಮೊರಾದ. ಊರವರೆಲ್ಲ ಕಾಡುಹಂದಿ ಬೇಟೆಗೆ ಹೋದ ದಿನ ಅವನ ಮೊದಲ ಗುಂಡು ತಪ್ಪಿತು, ತೋಟಾ ಒಳಗೇ ಸಿಕ್ಕಿಕೊಂಡಿತು. ಬುತ್ತಿಚೀಲದಲ್ಲಿದ್ದ ಕಬಾಬಿನ ಕಡ್ಡಿ ತೆಗೆದು ನಳಿಕೆಗೆ ಚುಚ್ಚುತ್ತ ನಿಂತಿದ್ದಾಗ ಹಂದಿ ಅವನ ಪಕ್ಕದಲ್ಲೇ ಹಾದು ಅವನದೇ ಆಲೂಗಡ್ಡೆ ಹೊಲಕ್ಕೆ ಇಳಿಯಿತು. ಅವತ್ತಿನಿಂದ ಅವನು ಕಡ್ಡಿ ಮೊರಾದ. ಮುರಿದವನಿಗೆ ಏನೂ ಇಲ್ಲ, ಮುರಿಸಿಕೊಂಡವನಿಗೆ ಅಡ್ಡಹೆಸರು! ಇದ್ಯಾವ ಸೀಮೆಯ ನ್ಯಾಯವೋ ದೇವರೇ ಬಲ್ಲ.

ಇವತ್ತು ಮಧ್ಯಾಹ್ನ ಮತ್ತೆ ಬೇಟೆ ಇತ್ತು. ಹೆಸರು ತೊಳೆದುಕೊಳ್ಳಲೇಬೇಕೆಂದು ಮೊರಾದ ಪೇಟೆಯಿಂದ ಹೊಸ ಕೊಕ್ಕೆ ತಂದಿದ್ದ. ಹಳೆಯದಕ್ಕಿಂತ ದಪ್ಪ, ಗಟ್ಟಿ. ದಪ್ಪ ಹೆಚ್ಚಾಗಿ ಸರಿಯಾಗಿ ಕೂರಲಿಲ್ಲ. ಹಿತ್ತಲಲ್ಲಿ ಕೂತು ಅರ ಹಾಕತೊಡಗಿದ. ಗೋಡೆಯ ಮೇಲೆ, ತೀರ್ಥಯಾತ್ರೆ ಮಾಡಿಬಂದು ಮಶ್ದಿ ಎನಿಸಿಕೊಂಡ ನೆರೆಮನೆಯ ಹೈದರನ ತಲೆ ಮೂಡಿತು.

"ಇನ್ನೂ ಸ್ವಲ್ಪ ಉಜ್ಜೋ."

"ನಂಗೊತ್ತು ಮಶ್ದಿ."

"ಗೊತ್ತಿದ್ದಿದ್ರೆ ಕಡ್ಡಿ ಯಾಕೆ ಹಿಡೀತಿದ್ದೆ?"

ಮೊರಾದನಿಗೆ ಮೈಯೆಲ್ಲ ಉರಿಯಿತು. ಹಿತ್ತಲ ಮಣ್ಣುದಿಬ್ಬಕ್ಕೆ ಗುರಿಯಿಟ್ಟು ಒಂದು ಗುಂಡು ಹಾರಿಸಿದ. ತೋಟಾ ಅರ್ಧಕ್ಕೇ ನಿಂತಿತು. ಬೋಲ್ಟು ಬಿಚ್ಚಿದ, ಉಜ್ಜಿದ, ಜೋಡಿಸಿದ, ಇನ್ನೊಂದು ಹಾರಿಸಿದ. ಮತ್ತೆ ಬಿಚ್ಚಿದ.

ಹೆಂಡತಿ ಗೋಲಂದಾಮ್ ಒಲೆ ಬಿಟ್ಟು ಬಂದಳು. "ಸಾಕು ಮಾಡ್ರೀ! ಹೀಗೆ ಬಿಟ್ಟುಬಿಟ್ಟು ಹೊಡೆದ್ರೆ ಕೇಳಿದವ್ರು ಏನಂದ್ಕೋತಾರೆ?"

"ಅಂದ್ಕೊಳ್ಳಲಿ! ನನ್ನ ಬಗ್ಗೆ ಅಂದ್ಕೊಳ್ಳೋಕೆ ಇನ್ನೇನು ಬಾಕಿ ಇದೆ?"

ಕೊನೆಗೊಂದು ಸಲ ತೋಟಾ ಠಣ್ಣನೆ ಹೊರಗೆ ಚಿಮ್ಮಿ ನೇರ ಮಶ್ದಿಯ ಹಣೆಗೆ ಬಡಿಯಿತು. ಮೊರಾದನಿಗೆ ಎರಡು ಹಬ್ಬ ಒಟ್ಟಿಗೆ ಬಂದಂತಾಯಿತು. ಬಂದೂಕು ಒರೆಸಿ, ಮೀಸೆ ತಿರುವಿ ಹೊರಡುವ ಹೊತ್ತಿಗೆ ಬಾಗಿಲಾಚೆ ಗೋಳಾಟ ಕೇಳಿಸಿತು.

ಬಖ್ತಿಯಾರಿ ಬೆಟ್ಟದ ಆ ಕಣಿವೆಯಲ್ಲಿ ಗುಂಡು ಪಟಪಟ ಹಾರಿದರೆ ಮದುವೆ, ಬಿಟ್ಟುಬಿಟ್ಟು ಹಾರಿದರೆ ಸಾವು. ಹೊಳೆಯಾಚೆಯಿಂದ ಗೋಲಂದಾಮಳ ಸೋದರಮಾವ ಬಹ್ಮನ್ ಇಡೀ ಕುಲವನ್ನೇ ಕಟ್ಟಿಕೊಂಡು ಬಂದಿದ್ದ. ಗಂಡಸರ ಭುಜದ ಮೇಲೆಲ್ಲ ಸತ್ತವನಿಗಾಗಿ ಬಳಿದುಕೊಂಡ ಸೂತಕದ ಕೆಸರು. ಹೆಂಗಸರು "ಅಯ್ಯೋ, ನಮ್ಮ ಮನೆಯ ಸಿಂಹ ಹೋಯ್ತಲ್ಲೋ" ಎಂದು ಕೆನ್ನೆ ಪರಚಿಕೊಳ್ಳುತ್ತಿದ್ದರು. ಸಿಂಹ ಬಾಗಿಲು ತೆಗೆಯಿತು.

"ನೀನಾ?" ಎಂದ ಬಹ್ಮನ್.

"ನಾನೇ ಮಾವ."

"ಮತ್ತೆ ಸತ್ತಿದ್ಯಾರು?"

"ಯಾರೂ ಇಲ್ಲ. ಕೊಕ್ಕೆ ಸರಿಯಾಯ್ತಾ ನೋಡ್ತಿದ್ದೆ."

"ಕೊಕ್ಕೆ!" ಬಹ್ಮನ್ ಗುಡುಗಿದ. "ಕೊರೆಯೋ ನೀರು ದಾಟಿ ಬಂದಿದೀವಿ, ಹೊಸ ಕೋಟಿಗೆ ಕೆಸರು ಬಳ್ಕೊಂಡಿದೀನಿ, ಇವ್ನು ನೋಡಿದ್ರೆ ಆರಾಮಾಗಿ ಬದುಕಿದಾನೆ! ನಾಚಿಕೆ ಆಗಲ್ವೇನೋ?"

ಬದುಕಿರುವುದಕ್ಕೂ ಕ್ಷಮೆ ಕೇಳಬೇಕಾಯಿತು ಪಾಪದವನು. ಸಾವಿಗೆಂದು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಆ ಮನೆಯಲ್ಲಿ ನಿಜವಾದ ಸಾವೇ ಆಗುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಗೋಲಂದಾಮ್ ಮುದ್ದಿನಿಂದ ಸಾಕಿದ ಆಡಿನಮರಿ ಕಬಾಬಿಗೆ ಹೋಯಿತು. ಮೊರಾದ ಬಂದೂಕು ಗೋಡೆಗೊರಗಿಸಿ ಕೆಂಡದ ಮುಂದೆ ಕೂತ. ಅಷ್ಟರಲ್ಲಿ ಬೆಟ್ಟದ ಮೇಲೆ ಹಂದಿ ಎಬ್ಬಿಸುವವರ ಕೂಗು ಶುರುವಾಯಿತು.

ಕುಲದವರ ಜೊತೆ ಬಂದಿದ್ದ ಇಸ್ಕಂದರ ಮೆಲ್ಲಗೆ ಪಕ್ಕಕ್ಕೆ ಬಂದ. "ಭಾವ, ನೀನಂತೂ ಇಲ್ಲಿ ಸಿಕ್ಕಾಕ್ಕೊಂಡೆ. ಬಂದೂಕು ಕೊಡು, ನಿನ್ನ ಹೆಸರು ನಾನುಳಿಸ್ತೀನಿ."

"ಸತ್ರೂ ಕೊಡಲ್ಲ!"

"ನಮ್ಮೆಲ್ಲರ ಎದುರೇ ಹೆಂಡತಿ ತಮ್ಮನಿಗೆ ಇಲ್ಲ ಅಂತೀಯಾ?" ಬಹ್ಮನ್ ಮತ್ತೆ ಕಣ್ಣು ಕೆಂಪಗೆ ಮಾಡಿದ.

ಕುಲವೆಲ್ಲ ಮೊರಾದನನ್ನೇ ನೋಡಿತು. ಅವನು ಹಲ್ಲು ಕಚ್ಚಿಕೊಂಡು ಬಂದೂಕು ಕೊಟ್ಟ. "ಗೂಡಿಗೇ ತುಂಬು. ನಳಿಕೆಗೆ ತುರುಕಬೇಡ. ನಿನ್ನ ಕಾಲಿಗೆ ಬೀಳ್ತೀನಿ ಕಣೋ."

"ನಾನೇನು ಎಳೆಮಗುವಾ?" ಎನ್ನುತ್ತ ಇಸ್ಕಂದರ ಓಡಿದ.

ಮೊರಾದ ಕಡ್ಡಿಗೆ ಚುಚ್ಚಿದ ಮಾಂಸ ತಿರುವುತ್ತ ಕೂತ. "ಏನೇ ಹೇಳಿ, ಕಡ್ಡಿ ಇವನ ಕೈಗೆ ಒಪ್ಪುತ್ತೆ," ಎಂದ ಮಶ್ದಿ, ಹಣೆಯ ಬುಗುಟು ಸವರಿಕೊಳ್ಳುತ್ತ. ಎಲ್ಲರೂ ನಕ್ಕರು. ಸೂತಕಕ್ಕೆ ಬಂದವರು ಇಷ್ಟು ನಕ್ಕದ್ದನ್ನು ಆ ಊರು ಎಂದೂ ಕಂಡಿರಲಿಲ್ಲ.

ಬೆಟ್ಟದ ಕಡೆಯಿಂದ ಒಂದು ಗುಂಡಿನ ಸದ್ದು ಬಂತು. ಮೊರಾದ ಕಿವಿ ನಿಮಿರಿಸಿ ಎರಡನೆಯದಕ್ಕೆ ಕಾದ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಇಸ್ಕಂದರ ಬಂದೂಕು ಹಿಡಿದು ಏದುಸಿರು ಬಿಡುತ್ತ ಬಂದ.

"ಭಾವ, ಹಂದಿ ನಿನ್ನ ಆಲೂಗಡ್ಡೆ ಹೊಲಕ್ಕೇ ಇಳೀತು. ಈಗ್ಲೂ ಅಲ್ಲೇ ಅಗೀತಾ ಇದೆ!"

"ಮತ್ತೆ ಇನ್ನೊಂದು ಗುಂಡು ಹೊಡೀಬೇಕಿತ್ತು ತಾನೇ!"

ಇಸ್ಕಂದರ ಬಂದೂಕಿನ ಕಡೆ ನೋಡಿದ, ಆಮೇಲೆ ಭಾವನ ಕೈಯ ಕಡೆ ನೋಡಿದ.

"ಅದಕ್ಕೇ ಓಡಿಬಂದೆ. ಆ ಮಾಂಸ ಬೇಗ ಕೆಳಗಿಳಿಸಿ, ಕಡ್ಡಿ ಇಲ್ಲಿ ಕೊಡು."