ಮರಣದ ಖಾನೆ ಖಾಲಿ ಇದ್ದ ದಿನ

ಇದು ನಡೆದದ್ದು ಹೋದ ವರ್ಷ ಜುಲೈ ಹದಿನಾರರಂದು. ಆದರೆ ನಮ್ಮ ಶಾಲೆಯ ಗೇಟಿನ ಕರಿಹಲಗೆಯ ಮುಂದೆ ಇಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ಹಾಗಾಗಿ ಅದಕ್ಕೆ ಹಿಂದಿನ ಎರಡು ಪ್ರಸಂಗ ಹೇಳಿಯೇ ಅಲ್ಲಿಗೆ ಬರುತ್ತೇನೆ.

ನಾನು ಬಿ.ಎಸ್ಸಿ. ಮುಗಿಸಿದವನು. ಹಲವಾಗಲು ಎಂಬ ಊರಿನಿಂದ ಆಚೆ, ಹೊಳೆದಂಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಅತಿಥಿ ಶಿಕ್ಷಕ. ರಸ್ತೆಗೆ ಮುಖ ಮಾಡಿದ ಹಲಗೆಯ ಮೇಲೆ ದಿನವೂ ಪ್ರಾರ್ಥನೆಗೆ ಮೊದಲು ‘ಇತಿಹಾಸದಲ್ಲಿ ಈ ದಿನ’ ಬರೆಯುತ್ತೇನೆ. ಮೂರು ಖಾನೆ: ಘಟನೆ, ಜನನ, ಮರಣ. ನಿಯಮ ಒಂದೇ. ಎರಡು ಕಡೆ ತಾಳೆಯಾದದ್ದನ್ನು ಮಾತ್ರ ಬರೆಯುವುದು.

ಹೆಡ್‌ಮಾಸ್ತರರು ಒಪ್ಪಿಗೆ ಕೊಡುವಾಗಲೇ ಹೇಳಿದ್ದರು: “ಊರಿಂದ ಒಂದ ತಕರಾರು ಬಂದ್ರೂ ಅಳಿಸಿಬಿಡ್ತೀನಿ ನೋಡ್ರಿ. ಆಮೇಲೆ ಅಲ್ಲಿ ಬಿಸಿಯೂಟದ ಮೆನು ಬರೀರಿ.”

೧. ಜನನ

ಒಂದು ಬೆಳಿಗ್ಗೆ ಈ ಖಾನೆಯಲ್ಲಿ ಹೊರದೇಶದ ಒಬ್ಬ ವಿಜ್ಞಾನಿಯ ಹೆಸರಿತ್ತು. ನಮ್ಮ ಪಂಪ್‌ಸೆಟ್ ಓಡುವುದು ಇವರ ಬುದ್ಧಿಯಿಂದ ಎಂದು ಕೆಳಗೆ ಒಂದು ಸಾಲು ಸೇರಿಸಿದ್ದೆ. ಗೇಟಿನ ಪಕ್ಕದಲ್ಲೇ ಅಂಗಡಿ ಇಟ್ಟಿರುವ ಮೋಟರ್ ಮೆಕ್ಯಾನಿಕ್ ಸಾಬರು ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಓದಿದರು.

“ಸರ್, ತ್ರೀ ಫೇಸ್ ಕಂಡುಹಿಡಿದವರು ಇವರೇನಾ?”

“ಹೆಚ್ಚುಕಡಿಮೆ ಇವರೇ.”

“ಹಂಗಾದ್ರ ಇವರು ಹುಟ್ಟಿದ ದಿನ ಆದ್ರೂ ಪೂರಾ ದಿನ ಕರೆಂಟ್ ಬಿಡಬೇಕಲ್ರಿ?”

ಅಲ್ಲಿದ್ದ ರೈತರಿಗೆ ಇದು ನ್ಯಾಯದ ಮಾತು ಅನಿಸಿತು. ಒಬ್ಬರು ನಿಂತಲ್ಲಿಂದಲೇ ಲೈನ್‌ಮನ್‌ಗೆ ಫೋನ್ ಹಚ್ಚಿ, ಸಂಗತಿ ತಿಳಿಸಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ಆ ಕಡೆಯಿಂದ ಉತ್ತರ ಬಂತು.

“ದೊಡ್ಡವರು ಹುಟ್ಟಿದ ದಿನ ರಜಾ ಕೊಡ್ತಾರ್ರೀ. ಜಾಸ್ತಿ ಕೆಲಸ ಕೊಡಂಗಿಲ್ಲ.”

೨. ಘಟನೆ

ಕುರಿ ಕಾಯುವವರೊಬ್ಬರು ಸ್ಟಾಫ್ ರೂಮಿಗೇ ಬಂದರು. ಕಂಬಳಿ ಹೆಗಲ ಮೇಲೆ, ಮುಖ ಗಂಭೀರ.

“ಸರ್, ಘಟನಾದಾಗ ನಮ್ಮದೊಂದು ಬರೀರಿ. ಹೋದ ವರ್ಷ ಇದ ದಿನ ನಮ್ಮ ಟಗರು ಮಾಗಳದ ಟಗರನ್ನ ಮೂರ ಗುದ್ದಿಗೆ ಓಡಿಸ್ತು.”

“ಎರಡು ಸಾಕ್ಷಿ ಬೇಕು” ಎಂದೆ.

“ಅದಾವ್ರಿ.”

“ಯಾರು?”

“ಒಂದು ನಾನು.”

“ಇನ್ನೊಂದು?”

“ಹೊರಗ ಕಟ್ಟೀನಿ, ಬರ್ರಿ.”

೩. ಮರಣ

ಜುಲೈ ಹದಿನಾರು. ಘಟನೆ ಸುಲಭವಾಗಿ ಸಿಕ್ಕಿತು. ಚಂದ್ರನ ಮೇಲೆ ಇಳಿಯಲು ಮೂರು ಜನ ರಾಕೆಟ್ಟಿನಲ್ಲಿ ಹೊರಟ ದಿನ ಅದು. ಜನನವೂ ಸಿಕ್ಕಿತು. ಮರಣದ ಖಾನೆಗೆ ಬಂದಾಗ ತೊಂದರೆಯಾಯಿತು. ಶಾಲೆಯ ದಿನವಿಶೇಷದ ಪುಸ್ತಕದಲ್ಲಿ ಆ ದಿನದ ಪುಟದ ಕೆಳಭಾಗವನ್ನು ಇಲಿ ತಿಂದಿತ್ತು. ಮೊಬೈಲಿನಲ್ಲಿ ಒಂದು ಹೆಸರು ಬಂತು, ತಾಳೆ ನೋಡುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನಿಯಮ ನಿಯಮವೇ. ಖಾನೆ ಖಾಲಿ ಬಿಟ್ಟು ತರಗತಿಗೆ ಹೋದೆ.

ಎರಡನೇ ಪೀರಿಯಡ್ ಮುಗಿಯುವಾಗ ಗೇಟಿನಿಂದ ಕರೆ ಬಂತು. ಎದುರು ಮನೆಯ ಅಜ್ಜ ಕೋಲು ಊರಿಕೊಂಡು ಹಲಗೆಯ ಮುಂದೆ ನಿಂತಿದ್ದರು. ವಯಸ್ಸು ತೊಂಬತ್ತರ ಹತ್ತಿರ. ಅವರ ಮನೆಯ ಕಟ್ಟೆ ಸರಿಯಾಗಿ ಹಲಗೆಗೆ ಎದುರು. ಬೆಳಿಗ್ಗೆ ಎದ್ದು ಕುಳಿತರೆ ಮೊದಲು ಕಾಣುವುದೇ ನನ್ನ ಅಕ್ಷರ.

ಕೋಲಿನಿಂದ ಖಾಲಿ ಜಾಗ ತೋರಿಸಿ ಕೇಳಿದರು. “ಮಾಸ್ತರ್ರ, ಇದನ್ನ ಯಾರಿಗಂತ ಬಿಟ್ಟೀರಿ?”

“ಯಾರಿಗೂ ಅಲ್ಲ ಅಜ್ಜಾರ. ಹೆಸರು ಸಿಗಲಿಲ್ಲ, ಅಷ್ಟೇ.”

“ಸಂತಿಗೆ ಹೊಂಟ ಟಂಟಂನಾಗ ಒಂದು ಸೀಟು ಖಾಲಿ ಐತಿ ಅಂದ್ರ ಡ್ರೈವರ್ ಸುಮ್ನ ಹೋಗ್ತಾನೇನ್ರಿ? ದಾರ್‍ಯಾಗ ಯಾರನ್ನರ ಹತ್ತಿಸ್ಕೊಂಡ ಹೋಗ್ತಾನ.”

ಅವರ ಸೊಸೆ ಬಾಗಿಲಲ್ಲಿ ನಿಂತು ಹೇಳಿದಳು. “ಬೆಳಿಗ್ಗಿಯಿಂದ ಇದನ್ನ ನೋಡ್ಕೋತ ಕುಂತಾರ್ರಿ. ರೊಟ್ಟಿ ಮುಟ್ಟಿಲ್ಲ.”

ಅಜ್ಜ ಘಟನೆಯ ಖಾನೆಯನ್ನು ಇನ್ನೊಮ್ಮೆ ಓದಿದರು. “ಈ ಮೂರು ಮಂದಿ ಹೊಳ್ಳಿ ಬಂದ್ರೋ ಇಲ್ಲೋ?”

“ಬಂದರು. ಇಪ್ಪತ್ತನಾಲ್ಕಕ್ಕೆ. ಮೂವರೂ ಸುಖವಾಗಿ ಬಂದರು.”

“ಅವರೂ ಅಲ್ಲ ಅಂದ್ರ, ಎದುರಿಗೆ ಕುಂತಾಂವ ನಾ ಒಬ್ಬನ ಉಳದೆ.”

೪. ನಾಲ್ಕನೆಯ ಖಾನೆ

ಅಷ್ಟರಲ್ಲಿ ಜನ ಸೇರಿತ್ತು. ಹೆಡ್‌ಮಾಸ್ತರರು ಡಸ್ಟರ್ ಹಿಡಿದೇ ಬಂದರು. ತಕರಾರು ಬಂದಿತ್ತಲ್ಲ.

“ಅಳಿಸಬ್ಯಾಡ್ರಿ!” ಎಂದರು ಅಜ್ಜ. “ಖಾಲಿ ಐತೋ ತುಂಬೈತೋ ಗೊತ್ತಾಗದಿದ್ರ ಇನ್ನೂ ಅಂಜಿಕಿ.”

ನಾನು ಆ ಖಾನೆಯಲ್ಲಿ ಒಂದು ಸೊನ್ನೆ ಬರೆದೆ. ಅಜ್ಜ ಎರಡು ಹೆಜ್ಜೆ ಹಿಂದೆ ಸರಿದರು. “ಎಣಿಕಿ ಸುರು ಮಾಡಿದ್ರೇನು?” ಸೊನ್ನೆಯನ್ನು ಬೆರಳಿನಿಂದ ಒರೆಸಿದೆ.

ಮೆಕ್ಯಾನಿಕ್ ಸಾಬರು ನನ್ನ ಕಿವಿಯ ಹತ್ತಿರ ಬಂದರು. “ಯಾವುದರ ಒಂದು ಹೆಸರು ಬರದುಬಿಡ್ರಿ ಸರ್. ಯಾರು ನೋಡಾಕ ಹೋಗ್ತಾರ?”

“ತಾಳೆಯಾಗದ್ದನ್ನು ಬರೆಯುವುದಿಲ್ಲ” ಎಂದೆ.

“ಊಟದ ಗಂಟಿ ಒಳಗ ಬಗೆಹರಿಸ್ರಿ,” ಎಂದರು ಹೆಡ್‌ಮಾಸ್ತರರು. “ಇಲ್ಲಾಂದ್ರ ನಾಳೆಯಿಂದ ಅನ್ನ ಸಾಂಬಾರ್ ಬರೀರಿ.”

ದಾರಿ ತೋರಿಸಿದ್ದು ಅಜ್ಜನೇ. “ಸತ್ತವರಿಗೆ ಒಂದು ಖಾನಿ ಮಾಡೀರಿ. ಬದುಕಿದವರು ಏನು ತಪ್ಪು ಮಾಡ್ಯಾರ? ನಮಗೂ ಒಂದು ಹಾಕ್ರಿ. ಅದು ತುಂಬಿದ್ರ ಇದರ ಕಡೆ ಯಾರೂ ನೋಡಂಗಿಲ್ಲ.”

ನಾಲ್ಕನೆಯ ಖಾನೆ ಎಳೆದು ‘ಬದುಕಿರುವವರು’ ಎಂದು ಬರೆದೆ. ತಕ್ಷಣ ಎಲ್ಲರೂ ತಮ್ಮ ಹೆಸರು ಹೇಳತೊಡಗಿದರು. ಕುರಿಯವರು ಟಗರಿನದೂ ಹೇಳಿದರು. ಹಲಗೆ ಇದ್ದದ್ದು ನಾಲ್ಕಡಿ. ಹೆಸರು ಬೇಡ, ಸಂಖ್ಯೆ ಸಾಕು ಎಂದೆ.

ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ತನ್ನ ಮನೆ ಮನೆ ಎಣಿಕೆಯ ರಿಜಿಸ್ಟರ್ ತಂದಳು. ಊರಿನಲ್ಲಿ 1,146 ಜನ. ತಾಳೆ ನೋಡಲು ಅಂಗನವಾಡಿ ಟೀಚರ್ ತಮ್ಮದನ್ನು ತಂದರು. 1,145.

“ಒಂದರಾಗ ಏನೈತಿ, ಬರೀರಿ ಸರ್” ಎಂದಿತು ಜನ. ನಾನು ಬರೆಯಲಿಲ್ಲ. ಇಬ್ಬರೂ ಗೇಟಿನ ಮುಂದೆಯೇ ಕುಳಿತು ಮನೆ ಮನೆ ಹೆಸರು ಓದಿದರು. ಮುಕ್ಕಾಲು ತಾಸು ಹಿಡಿಯಿತು. ಕೊನೆಗೆ ಆಶಾ ಅಕ್ಕನ ಪುಸ್ತಕದಲ್ಲಿ ಇದ್ದು ಟೀಚರರ ಪುಸ್ತಕದಲ್ಲಿ ಇಲ್ಲದ ಒಂದು ಹೆಸರು ಸಿಕ್ಕಿತು.

ಎದುರು ಮನೆಯ ಅಜ್ಜನದು.

“ನಾನೇನು ಮಾಡ್ಲಿ?” ಎಂದರು ಟೀಚರ್. “ಎಣಿಸಾಕ ಹೋದಾಗ ಸೂಜಿ ಚುಚ್ಚಾಕ ಬಂದಾರಂತ ಮೇವಿನ ಬಣವಿ ಹಿಂದ ಅಡಗಿ ಕುಂತಿದ್ರು. ಆಮೇಲೆ ಗೊತ್ತಾತು.”

ಯಾರೂ ನಗಲಿಲ್ಲ. ಅಜ್ಜನ ಮುಖ ಬಿಳಿಚಿತ್ತು. ಒಂದು ಕಡೆ ಖಾಲಿ ಖಾನೆ, ಇನ್ನೊಂದು ಕಡೆ ಒಂದೇ ಪುಸ್ತಕದಲ್ಲಿ ಬದುಕಿರುವುದು.

“ಮಾಸ್ತರ್ರ, ನಿಮ್ಮ ನಿಯಮ ಏನು?” ಎಂದರು ಮೆಲ್ಲಗೆ.

“ಎರಡು ಸಾಕ್ಷಿ.”

“ಒಂದು ನಾನು.”

ರೂಢಿಯಂತೆ ನನ್ನ ಬಾಯಿಂದ ಬಂತು. “ಇನ್ನೊಂದು?”

ಜನ ಕುರಿಯವರ ಕಡೆ ನೋಡಿತು. ಅವರು ಇಲ್ಲವೆಂದು ತಲೆ ಆಡಿಸಿದರು. ಟಗರು ಮೇಯಲು ಹೋಗಿತ್ತು.

ಆಗ ಸೊಸೆ ರಸ್ತೆ ದಾಟಿ ಬಂದಳು. ಕೈಯಲ್ಲಿ ಗಂಗಾಳ, ಅದರಲ್ಲಿ ರೊಟ್ಟಿ, ಪುಂಡಿಪಲ್ಲೆ. ಅದನ್ನು ಹಲಗೆಯ ಕೆಳಗೇ ಇಟ್ಟಳು.

“ಎರಡನೇ ಸಾಕ್ಷಿ ಇಲ್ಲೈತ್ರಿ ಸರ್. ಉಂಡ್ರ ಬರೀರಿ. ಉಣಲಿಲ್ಲಂದ್ರ ಬರೀಬ್ಯಾಡ್ರಿ.”

ಅಜ್ಜ ಒಮ್ಮೆ ಮರಣದ ಖಾನೆ ನೋಡಿದರು. ಒಮ್ಮೆ ನನ್ನ ಕೈಯ ಸೀಮೆಸುಣ್ಣ ನೋಡಿದರು. ಕೋಲು ಗೋಡೆಗೆ ಒರಗಿಸಿ ಕುಳಿತರು. ಊರೆಲ್ಲ ನಿಂತು ನೋಡಿತು. ಹೆಡ್‌ಮಾಸ್ತರರು ಡಸ್ಟರ್ ಜೇಬಿಗೆ ಹಾಕಿಕೊಂಡು, ಅಜ್ಜನಿಗೆ ನೀರು ತರಲು ತಾವೇ ಒಳಗೆ ಹೋದರು.

ಊಟದ ಗಂಟೆ ಹೊಡೆಯಿತು. ಅಜ್ಜ ಉಂಡದ್ದು ನಾಲ್ಕು ರೊಟ್ಟಿ. ನಾನು ಬರೆದದ್ದು 1,146.